ಬೇಡದ ಯುದ್ಧದಿಂದ ಸೇನೆ ವಾಪಸ್: ಯಾವ ದೇಶ ಹಿಡಿದ ದಾರಿ ಸರಿ?

ಮಿತ್ರದೇಶ ಕರೆಯಿತು ಅಂತ ಒಂದು ಸರ್ಕಾರ ದೂರದ ಯುದ್ಧಕ್ಕೆ ಸೈನ್ಯ ಕಳಿಸುತ್ತದೆ. ಜನರಿಗೆ ಆ ಯುದ್ಧ ಮೊದಲಿನಿಂದಲೂ ಬೇಡ. ವರ್ಷ ಕಳೆಯುತ್ತದೆ, ಶವಪೆಟ್ಟಿಗೆಗಳು ಬರುತ್ತವೆ, ಯುದ್ಧಕ್ಕೆ ಕೊಟ್ಟ ಕಾರಣವೇ ನಿಲ್ಲುವುದಿಲ್ಲ ಅಂತ ಗೊತ್ತಾಗುತ್ತದೆ. ಈಗ ಹೊರಗೆ ಬರಬೇಕು. ಹೇಗೆ ಬರಬೇಕು? ನಾಳೆಯೇ ಗಂಟುಮೂಟೆ ಕಟ್ಟಬೇಕಾ, ವರ್ಷ ತೆಗೆದುಕೊಂಡು ಮೆಲ್ಲಗೆ ಬರಬೇಕಾ, ಬಂದೂಕು ಕೆಳಗಿಟ್ಟು ಬೇರೆ ಕೆಲಸ ಮಾಡಿಕೊಂಡು ಅಲ್ಲೇ ಇರಬೇಕಾ?

ದಾವಣಗೆರೆಯಲ್ಲಿ ಪದವಿ ಓದುವ ಮಕ್ಕಳನ್ನು ನಾನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತೇನೆ. ಕೆಎಎಸ್ ಪ್ರಬಂಧಕ್ಕೆ ಓದುವ ಕೆಲವರೂ ಬಂದು ಕೂರುತ್ತಾರೆ. ಈ ವಿಷಯ ಎತ್ತಿದರೆ ಸಾಕು, ಐದು ನಿಮಿಷದಲ್ಲಿ ಎರಡು ಗುಂಪು. "ಕೂಡಲೇ ಬರಬೇಕು" ಅನ್ನುವವರು ಒಂದು ಕಡೆ, "ಕೊಟ್ಟ ಮಾತಿಗೆ ನಿಲ್ಲಬೇಕು" ಅನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಹೆಸರುಗಳನ್ನು ಹೇಳುತ್ತಾರೆ, ಆದರೆ ಆ ದೇಶಗಳಲ್ಲಿ ನಿಜಕ್ಕೂ ಏನಾಯಿತು ಅನ್ನುವುದು ಯಾರ ಬಾಯಲ್ಲೂ ಬರುವುದಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೇಗ ಬಂದರಾ, ತಡವಾಗಿ ಬಂದರಾ ಅನ್ನುವುದು ಎರಡನೇ ಮಾತು. ಮೊದಲು ಕೇಳಬೇಕಾದ್ದು ಎರಡು. ಹೊರಡುತ್ತೇವೆ ಅಂತ ಎಲ್ಲರಿಗೂ ಮುಂಚೆಯೇ ಹೇಳಿದ್ದರಾ? ತಮ್ಮನ್ನು ನಂಬಿ ಕೆಲಸ ಮಾಡಿದ ಅಲ್ಲಿನ ಜನರನ್ನು ಏನು ಮಾಡಿದರು?

ಉದಾಹರಣೆಗಳಲ್ಲಿ ಹೆಚ್ಚಿನವು ಇರಾಕ್ ಯುದ್ಧದವು. ಅದು ಶುರುವಾದದ್ದು 2003ರ ಮಾರ್ಚ್ 20ರಂದು. ಸದ್ದಾಂ ಹುಸೇನ್ ಬಳಿ ಸಮೂಹನಾಶಕ ಅಸ್ತ್ರಗಳಿವೆ ಅಂತ ಅಮೆರಿಕ ಹೇಳಿತ್ತು. ಆಮೇಲೆ ಹುಡುಕಿದರೆ ಅಂಥ ಅಸ್ತ್ರಗಳ ಸಂಗ್ರಹ ಸಿಗಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಯುದ್ಧಕ್ಕೂ ಮುಂಚೆಯೇ, ಫೆಬ್ರವರಿ 15ರಂದು, ರೋಮ್, ಲಂಡನ್, ಮ್ಯಾಡ್ರಿಡ್‌ನಂಥ ಊರುಗಳಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದಿದ್ದರು. ಆದರೂ ಹತ್ತಾರು ಸರ್ಕಾರಗಳು ಅಮೆರಿಕದ ಜೊತೆ ನಿಂತವು. ಕೆಲವು ಸಾವಿರಾರು ಸೈನಿಕರನ್ನು ಕಳಿಸಿದವು, ಕೆಲವು ಬರೀ ಹೆಸರು ಕೊಟ್ಟವು.

ಚುನಾವಣೆಯ ಮಾತಿನಂತೆ ಎದ್ದು ಬಂದ ಸ್ಪೇನ್

ಚರ್ಚೆಯಲ್ಲಿ ಅತಿ ಹೆಚ್ಚು ಬೈಸಿಕೊಳ್ಳುವ ದೇಶ ಇದು. ಬೈಯುವವರ ವಾದ ಹೀಗೆ: 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿಯಿತು, ಸುಮಾರು 190 ಜನ ಸತ್ತರು, ಮೂರು ದಿನಕ್ಕೆ ಚುನಾವಣೆ ನಡೆಯಿತು, ಸರ್ಕಾರ ಬಿತ್ತು, ಹೊಸ ಸರ್ಕಾರ ಹೆದರಿ ಸೈನ್ಯ ವಾಪಸ್ ಕರೆಸಿತು.

ಇದರಲ್ಲಿ ಘಟನೆಗಳೆಲ್ಲ ನಿಜ. "ಹೆದರಿ" ಅನ್ನುವುದು ಮಾತ್ರ ಸರಿಯಲ್ಲ. ಸಮಾಜವಾದಿ ಪಕ್ಷದ ಝಪಟೆರೊ ಬಾಂಬ್ ಸಿಡಿಯುವುದಕ್ಕೆ ಎಷ್ಟೋ ಮುಂಚೆಯೇ ಮಾತು ಕೊಟ್ಟಿದ್ದರು. ಜೂನ್ 30ರೊಳಗೆ ಇರಾಕಿನ ಹೊಣೆಯನ್ನು ವಿಶ್ವಸಂಸ್ಥೆ ವಹಿಸಿಕೊಳ್ಳದಿದ್ದರೆ ನಮ್ಮ ಸೈನಿಕರು ವಾಪಸ್ ಬರುತ್ತಾರೆ ಅಂತ. ಯುದ್ಧದ ಹೊತ್ತಿನ ಸಮೀಕ್ಷೆಗಳಲ್ಲಿ ಸ್ಪೇನಿನ ಹತ್ತು ಜನರಲ್ಲಿ ಒಂಬತ್ತು ಜನ ಅದನ್ನು ವಿರೋಧಿಸಿದ್ದರು. ಹಾಗಿದ್ದೂ ಹಿಂದಿನ ಪ್ರಧಾನಿ ಅಸ್ನಾರ್ ಸುಮಾರು 1,300 ಸೈನಿಕರನ್ನು ಕಳಿಸಿದ್ದರು. ಬಾಂಬ್ ಸಿಡಿದ ಮೇಲೆ ಅವರ ಸರ್ಕಾರ ಸ್ಪೇನಿನದೇ ಬಾಸ್ಕ್ ಸೀಮೆಯ ಪ್ರತ್ಯೇಕತಾವಾದಿಗಳ ಕಡೆ ಬೆರಳು ತೋರಿಸುತ್ತಲೇ ಇತ್ತು. ಸಾಕ್ಷಿಗಳು ಇಸ್ಲಾಮಿ ಉಗ್ರರ ಕಡೆ ತೋರಿಸುತ್ತಿದ್ದವು. ಜನ ರೊಚ್ಚಿಗೆದ್ದದ್ದಕ್ಕೆ ಅದೂ ಒಂದು ದೊಡ್ಡ ಕಾರಣ.

ಝಪಟೆರೊ ಏಪ್ರಿಲ್ 17ರಂದು ಪ್ರಮಾಣವಚನ ತೆಗೆದುಕೊಂಡರು. ಏಪ್ರಿಲ್ 18ರಂದು ಸೈನ್ಯ ವಾಪಸ್ ಅಂತ ಘೋಷಿಸಿದರು. ಮೇ ಮುಗಿಯುವ ಹೊತ್ತಿಗೆ ಎಲ್ಲರೂ ಮನೆ ಸೇರಿದ್ದರು.

ಮತದಾರರ ಕಡೆಯಿಂದ ನೋಡಿದರೆ ಇದಕ್ಕಿಂತ ನೇರವಾದ ನಡೆ ಇಲ್ಲ. ಹೇಳಿದ್ದು ಮಾಡಿದರು. ಆದರೆ ಸ್ಪೇನಿನ ಸೈನಿಕರಿದ್ದ ಇರಾಕಿನ ನಜಾಫ್ ಊರಿನಿಂದ ನೋಡಿ. ಏಪ್ರಿಲ್ ಮೊದಲ ವಾರದಲ್ಲೇ ಅಲ್ಲಿ ಶಿಯಾ ಧರ್ಮಗುರು ಮುಕ್ತದಾ ಅಲ್ ಸದರ್ ಬೆಂಬಲಿಗರ ದಂಗೆ ಎದ್ದಿತ್ತು. ಸ್ಪೇನಿನ ನೆಲೆಯ ಮೇಲೆಯೇ ದಾಳಿ ಆಗಿತ್ತು. ಬೆಂಕಿ ಉರಿಯುತ್ತಿರುವಾಗಲೇ ಅವರು ಹೊರಟರು. ಸ್ಪೇನಿನ ಕೈಕೆಳಗೆ ಇದ್ದ ಹೊಂಡುರಾಸ್‌ನ ಸುಮಾರು 370 ಮತ್ತು ಡೊಮಿನಿಕನ್ ಗಣರಾಜ್ಯದ ಸುಮಾರು 300 ಸೈನಿಕರೂ ಹಿಂದೆಯೇ ಹೊರಟುಬಿಟ್ಟರು. ಖಾಲಿಯಾದ ಜಾಗಕ್ಕೆ ಅಮೆರಿಕದ ಪಡೆಗಳೇ ಬರಬೇಕಾಯಿತು. ಸಣ್ಣ ದೇಶಗಳು ದೊಡ್ಡದರ ಕೈಕೆಳಗೆ ಹೋದರೆ ಹೊರಡುವ ದಿನವನ್ನೂ ಎಷ್ಟೋ ಸಲ ಅದೇ ತೀರ್ಮಾನ ಮಾಡುತ್ತದೆ. ಪ್ರಬಂಧ ಬರೆಯುವವರು ಈ ಅಂಶ ಬಿಡಬೇಡಿ.

ಒಂದು ಜೀವ, ಒಂದು ದೇಶ: ಫಿಲಿಪ್ಪೀನ್ಸ್

2004ರ ಜುಲೈ. ಇರಾಕಿನಲ್ಲಿ ಲಾರಿ ಓಡಿಸುತ್ತಿದ್ದ ಒಬ್ಬ ಫಿಲಿಪ್ಪೀನ್ಸ್ ಚಾಲಕನನ್ನು ಉಗ್ರರು ಹಿಡಿದರು. ನಿಮ್ಮ ಸೈನ್ಯ ಹೋಗದಿದ್ದರೆ ಇವನ ತಲೆ ಕಡಿಯುತ್ತೇವೆ ಅಂದರು. ಅಲ್ಲಿದ್ದ ಫಿಲಿಪ್ಪೀನ್ಸ್ ಪಡೆ ಎಷ್ಟು ದೊಡ್ಡದು? ಬರೀ ಐವತ್ತು ಚಿಲ್ಲರೆ ಜನ. ಆಗಸ್ಟ್‌ನಲ್ಲಿ ಅವರು ಹೇಗೂ ವಾಪಸ್ ಬರುವವರಿದ್ದರು. ಅಧ್ಯಕ್ಷೆ ಅರೋಯೊ ಒಂದು ತಿಂಗಳು ಮುಂಚೆಯೇ ಕರೆಸಿಕೊಂಡರು. ಜುಲೈ 20ರಂದು ಚಾಲಕ ಬಿಡುಗಡೆಯಾದ. ಅಮೆರಿಕ, ಆಸ್ಟ್ರೇಲಿಯಾ ಎರಡೂ ಬಹಿರಂಗವಾಗಿಯೇ ಟೀಕಿಸಿದವು.

ನಮ್ಮ ಕೋಣೆಯಲ್ಲಿ ಇದನ್ನು ಹೇಳಿದಾಗ ಹುಡುಗರು ನಕ್ಕರು. "ಐವತ್ತು ಜನ ಇದ್ದರೇನು, ಬಿಟ್ಟರೇನು ಸರ್. ಉಗ್ರರ ಮುಂದೆ ಮಂಡಿಯೂರಿದರು ಅಷ್ಟೇ" ಅಂದ ಒಬ್ಬ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಅವಳು ಮಾತಾಡುವುದೇ ಅಪರೂಪ. "ಸರ್, ನಮ್ಮಪ್ಪ ಲಾರಿ ಓಡಿಸ್ತಾರೆ. ಹೈವೇ ಹಿಡಿದು ಮುಂಬೈಗೆ ಹೋಗ್ತಾರೆ. ಎರಡು ದಿನ ಫೋನ್ ಸಿಗಲಿಲ್ಲ ಅಂದ್ರೆ ನಮ್ಮಮ್ಮ ಊಟ ಬಿಡ್ತಾಳೆ. ಅವರನ್ನ ಟಿವಿಯಲ್ಲಿ ಕತ್ತಿ ಇಟ್ಟು ಕೂರಿಸಿದ್ರೆ, ದೇಶದ ಮರ್ಯಾದೆ ಅಂತ ನಮ್ಮಮ್ಮಂಗೆ ಯಾರು ಹೋಗಿ ಹೇಳ್ತೀರಾ?" ಅಂದಳು. ನಕ್ಕವರು ಸುಮ್ಮನಾದರು. ಅವಳ ಮಾತಿಗೆ ಆವತ್ತು ಯಾರ ಹತ್ತಿರವೂ ಉತ್ತರ ಇರಲಿಲ್ಲ. ಪೂರ್ತಿ ಉತ್ತರ ಇದೆ ಅಂತ ನನಗೂ ಅನಿಸುವುದಿಲ್ಲ.

ಅರೋಯೊ ಮುಂದೆ ಇದ್ದದ್ದೂ ಅದೇ ಪ್ರಶ್ನೆ. ಹತ್ತು ಲಕ್ಷಕ್ಕೂ ಹೆಚ್ಚು ಫಿಲಿಪ್ಪೀನ್ಸ್ ಜನ ಮಧ್ಯಪ್ರಾಚ್ಯದಲ್ಲಿ ದುಡಿಯುತ್ತಿದ್ದರು. ಊರಿನಲ್ಲಿ ಮನೆ ನಡೆಯುವುದೇ ಅವರು ಕಳಿಸುವ ದುಡ್ಡಿನಲ್ಲಿ. ಆ ಚಾಲಕ ಅಲ್ಲಿನ ಎಷ್ಟೋ ಮನೆಗಳ ಅಪ್ಪ, ಅಣ್ಣ, ಮಗನ ಹಾಗೆ ಕಂಡ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಅವನು ಬಿಡುಗಡೆಯಾದ ಮರುದಿನವೇ ಇನ್ನೊಂದು ಗುಂಪು ಏಳು ಲಾರಿ ಚಾಲಕರನ್ನು ಹಿಡಿದ ಸುದ್ದಿ ಬಂತು. ಅವರಲ್ಲಿ ಮೂವರು ಕೀನ್ಯಾದವರು, ಒಬ್ಬ ಈಜಿಪ್ಟಿನವನು, ಮೂವರು ನಮ್ಮವರು, ಪಂಜಾಬ್ ಮತ್ತು ಹಿಮಾಚಲದ ಕಡೆಯವರು. ಕುವೈತಿನ ಕಂಪನಿಯೊಂದಕ್ಕೆ ಲಾರಿ ಓಡಿಸುತ್ತಿದ್ದರು. ಭಾರತ ಇರಾಕಿಗೆ ಒಬ್ಬ ಸೈನಿಕನನ್ನೂ ಕಳಿಸಿರಲಿಲ್ಲ, ಆದರೂ ಹಿಡಿದರು. ವಾರಗಟ್ಟಲೆ ಮಾತುಕತೆ ನಡೆದು ಸೆಪ್ಟೆಂಬರ್ 1ರಂದು ಅವರು ಬಿಡುಗಡೆಯಾದರು. ಒಂದು ಬೆದರಿಕೆ ಫಲಿಸಿದ್ದರಿಂದಲೇ ಎರಡನೆಯದು ಹುಟ್ಟಿತು ಅಂತ ಖಚಿತವಾಗಿ ಹೇಳಲಾಗದು. ಆದರೆ ಬೆದರಿಕೆಗೆ ಬಾಗಿ ಹೊರಟರೆ ಅದರ ಬೆಲೆ ಬೇರೆಯವರ ಮನೆ ಬಾಗಿಲಿಗೂ ಬರಬಹುದು ಅನ್ನುವ ವಾದಕ್ಕೆ ಈ ಘಟನೆಯಿಂದ ಬಲ ಬರುತ್ತದೆ.

ನಾನು ಫಿಲಿಪ್ಪೀನ್ಸನ್ನು ಬೈಯುವುದಿಲ್ಲ. ಆದರೆ ಇದನ್ನು ಮಾದರಿ ಅಂತಲೂ ಹೇಳುವುದಿಲ್ಲ. ತಾವಾಗಿಯೇ ಒಂದು ತಿಂಗಳು ಮುಂಚೆ ಹೊರಟಿದ್ದರೆ ಈ ಸ್ಥಿತಿಯೇ ಬರುತ್ತಿರಲಿಲ್ಲ.

ತಾರೀಖು ಹೇಳಿ, ಜಾಗ ಒಪ್ಪಿಸಿ ಬಂದವರು

ನೆದರ್ಲೆಂಡ್ಸಿನ ಸುಮಾರು 1,400 ಸೈನಿಕರು ಇರಾಕಿನ ದಕ್ಷಿಣದ ಅಲ್ ಮುತನ್ನಾ ಪ್ರಾಂತ್ಯದಲ್ಲಿದ್ದರು. ಅವಧಿ ವಿಸ್ತರಿಸಿ ಅಂತ ಒತ್ತಡ ಇತ್ತು. ಆದರೆ 2005ರ ಮಾರ್ಚ್‌ಗೆ ಮುಗಿಯುತ್ತದೆ, ಅದರ ಮೇಲೆ ಇಲ್ಲ ಅಂತ ಅವರು ತಿಂಗಳುಗಳ ಮುಂಚೆಯೇ ಹೇಳಿದರು. ಹೇಳಿದಂತೆ ಹೊರಟರು. ಜಾಗವನ್ನು ಬ್ರಿಟಿಷರಿಗೆ ಒಪ್ಪಿಸಿದರು.

ಇದು ಅಚ್ಚುಕಟ್ಟು ಅನಿಸುತ್ತದೆ, ಅಲ್ವಾ? ಒಂದು ತೊಡಕಿತ್ತು. ಅದೇ ಪ್ರಾಂತ್ಯದ ಸಮಾವಾದಲ್ಲಿ ಜಪಾನಿನ ಸುಮಾರು 600 ಜನ ನೀರು, ರಸ್ತೆ, ಶಾಲೆ ಕೆಲಸ ಮಾಡುತ್ತಿದ್ದರು. ಸಂವಿಧಾನದ ಕಟ್ಟುಪಾಡಿನಿಂದ ಅವರು ಕಾದಾಡುವಂತಿಲ್ಲ. ಅವರ ಸುತ್ತಲಿನ ಭದ್ರತೆ ನೋಡಿಕೊಳ್ಳುತ್ತಿದ್ದದ್ದು ಡಚ್ಚರು, ಅಂದರೆ ನೆದರ್ಲೆಂಡ್ಸಿನವರು. ಡಚ್ಚರು ಹೊರಡುತ್ತಾರೆ ಅಂದಾಗ ಆಸ್ಟ್ರೇಲಿಯಾದ ಪ್ರಧಾನಿ ಹೊವರ್ಡ್ ಹೊಸದಾಗಿ 450 ಸೈನಿಕರನ್ನು ಕಳಿಸಬೇಕಾಯಿತು. ಆಸ್ಟ್ರೇಲಿಯಾದಲ್ಲೂ ಆ ಯುದ್ಧ ಜನಕ್ಕೆ ಇಷ್ಟವಿರಲಿಲ್ಲ. ಒಬ್ಬರು ಇಳಿಸಿದ ಭಾರ ಇನ್ನೊಬ್ಬರ ಹೆಗಲಿಗೆ ಬಂತು. ಕೊನೆಗೆ 2007ರ ನವೆಂಬರಿನಲ್ಲಿ ಹೊವರ್ಡ್ ಸೋತರು. ಎದುರಾಳಿ ಪಕ್ಷದ ರಡ್ ಗೆದ್ದು ಪ್ರಧಾನಿಯಾಗಿ, 2008ರ ಜೂನ್‌ನಲ್ಲಿ ಕಾದಾಟದ ಪಡೆಯನ್ನು ವಾಪಸ್ ಕರೆಸಿದರು.

ನನ್ನ ಮನಸ್ಸಿಗೆ ಅತಿ ಹತ್ತಿರದ ಉದಾಹರಣೆ ಡೆನ್ಮಾರ್ಕಿನದು. ದಕ್ಷಿಣ ಇರಾಕಿನ ಬಸ್ರಾ ಊರಿನ ಬಳಿ ಅವರ ಸುಮಾರು 480 ಸೈನಿಕರಿದ್ದರು. 2007ರ ಆಗಸ್ಟ್‌ನಲ್ಲಿ ಹೊರಡುತ್ತೇವೆ ಅಂತ ಫೆಬ್ರವರಿಯಲ್ಲೇ ಹೇಳಿದರು. ಹೊರಡುವುದಕ್ಕೆ ಮುಂಚೆ, ಜುಲೈನಲ್ಲಿ, ತಮ್ಮ ಪಡೆಗೆ ದುಭಾಷಿಗಳಾಗಿ ಮತ್ತು ಬೇರೆ ಕೆಲಸಕ್ಕೆ ಇದ್ದ ಇರಾಕಿಗಳನ್ನು ಹೆಂಡತಿ ಮಕ್ಕಳ ಸಮೇತ, ಸುಮಾರು 200 ಜನರನ್ನು, ಗುಟ್ಟಾಗಿ ವಿಮಾನ ಹತ್ತಿಸಿ ಡೆನ್ಮಾರ್ಕಿಗೆ ಕರೆತಂದರು. ಎಲ್ಲರೂ ಬಂದಿಳಿದ ಮೇಲೆಯೇ ಸುದ್ದಿ ಹೊರಬಂತು.

ಯಾಕೆ ಗುಟ್ಟು? ವಿದೇಶಿ ಸೈನ್ಯಕ್ಕೆ ದುಭಾಷಿಯಾಗುವುದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಬೀದಿಯಲ್ಲಿ ಸೈನಿಕನ ಪಕ್ಕ ನಿಂತು, ಅವನು ಕೇಳಿದ್ದನ್ನು ನಿಮ್ಮದೇ ಊರಿನ ಮುದುಕನಿಗೆ ನಿಮ್ಮ ಮಾತಿನಲ್ಲಿ ಕೇಳಬೇಕು. ಇಡೀ ಓಣಿಗೆ ನಿಮ್ಮ ಮುಖ ಗೊತ್ತು, ಮನೆ ಗೊತ್ತು. ಸೈನಿಕನ ಮೈಮೇಲೆ ಕವಚ ಇದೆ, ಅವನಿಗೆ ವಾಪಸ್ ಹೋಗುವ ದಿನಾಂಕವೂ ಇದೆ. ನಿಮಗೆ ಎರಡೂ ಇಲ್ಲ. ಇರಾಕಿನಲ್ಲಿ ಅಂಥ ಎಷ್ಟೋ ಜನರನ್ನು ಕೊಂದರು.

ಸ್ವಲ್ಪ ಸ್ವಲ್ಪವಾಗಿ: ಬ್ರಿಟನ್

ಮೆಲ್ಲಗೆ ಬರುವುದೇ ಜವಾಬ್ದಾರಿ ಅಂತ ತುಂಬಾ ಮಕ್ಕಳು ನಂಬಿದ್ದಾರೆ. ಅವರಿಗೆ ಬಸ್ರಾದ ಕಥೆ ಓದಿಸುತ್ತೇನೆ.

2003ರಲ್ಲಿ ಇರಾಕಿನ ಮೇಲೆ ದಾಳಿ ಮಾಡಿದ ಹೊತ್ತಿಗೆ ಬ್ರಿಟನ್ನಿನ ಸುಮಾರು 46,000 ಜನ ಇದ್ದರು. ವರ್ಷ ವರ್ಷ ಇಳಿಸುತ್ತಾ ಬಂದರು. ಆದರೆ ಮಾಡಬೇಕಾದ ಕೆಲಸ ಇಳಿಯಲಿಲ್ಲ. ಉಳಿದ ಕೆಲವೇ ಸಾವಿರ ಜನರ ಮೇಲೆ ದಿನಾ ರಾಕೆಟ್ ಬೀಳುತ್ತಿತ್ತು. 2007ರಲ್ಲಿ, ತಮ್ಮ ಮೇಲೆಯೇ ದಾಳಿ ಮಾಡುತ್ತಿದ್ದ ಸಶಸ್ತ್ರ ಗುಂಪಿನ ಜೊತೆ ಒಳಗೊಳಗೇ ಒಪ್ಪಂದ ಮಾಡಿಕೊಂಡರು. ಕೈದಿಗಳನ್ನು ಬಿಟ್ಟರು, ಬದಲಿಗೆ ದಾಳಿ ಕಡಿಮೆಯಾಗಬೇಕು ಅಂತ. ಸೆಪ್ಟೆಂಬರಿನಲ್ಲಿ ಊರೊಳಗಿನ ಬಸ್ರಾ ಅರಮನೆ ಬಿಟ್ಟು ವಿಮಾನ ನಿಲ್ದಾಣದ ನೆಲೆಗೆ ಸರಿದರು. ಊರು ಸಶಸ್ತ್ರ ಗುಂಪುಗಳ ಕೈಗೆ ಹೋಯಿತು. 2008ರ ಮಾರ್ಚ್‌ನಲ್ಲಿ ಇರಾಕಿನ ಸೇನೆಯೇ ಅಮೆರಿಕದ ಬೆಂಬಲದೊಂದಿಗೆ ಬಂದು ಊರನ್ನು ಬಿಡಿಸಿಕೊಳ್ಳಬೇಕಾಯಿತು. 2009ರ ಏಪ್ರಿಲ್ 30ಕ್ಕೆ ಬ್ರಿಟನ್ನಿನ ಕಾದಾಟ ಅಧಿಕೃತವಾಗಿ ಮುಗಿಯಿತು. ಸತ್ತ ಬ್ರಿಟಿಷ್ ಸೈನಿಕರು 179.

ಆಮೇಲೆ ಬ್ರಿಟನ್ನೇ ಚಿಲ್ಕಾಟ್ ನೇತೃತ್ವದಲ್ಲಿ ವಿಚಾರಣೆ ನಡೆಸಿತು. 2016ರ ಜುಲೈ 6ರಂದು ಬಂದ ವರದಿ ಆ ಒಪ್ಪಂದವನ್ನು ಅವಮಾನ ಅಂತಲೇ ಕರೆಯಿತು. ಮರ್ಯಾದೆ ಉಳಿಸಿಕೊಳ್ಳಲಿಕ್ಕೆ ತಡ ಮಾಡಿದವರಿಗೆ ಸಿಕ್ಕಿದ್ದು ಇದು. ದುಭಾಷಿಗಳ ವಿಷಯದಲ್ಲೂ ಅಷ್ಟೇ. ಡೆನ್ಮಾರ್ಕ್ ಜುಲೈನಲ್ಲಿ ಮಾಡಿ ಮುಗಿಸಿದ ಕೆಲಸಕ್ಕೆ ಬ್ರಿಟನ್ ಅಕ್ಟೋಬರಿನಲ್ಲಿ ಯೋಜನೆ ಘೋಷಿಸಿತು. ಅದಕ್ಕೂ ಹನ್ನೆರಡು ತಿಂಗಳು ಕೆಲಸ ಮಾಡಿರಬೇಕು ಅನ್ನುವ ಷರತ್ತು. ಹನ್ನೊಂದು ತಿಂಗಳು ದುಡಿದವನನ್ನು ಕೊಲ್ಲುವವರು ಹಾಜರಿ ಪುಸ್ತಕ ನೋಡುತ್ತಾರಾ? ಈ ಷರತ್ತು ಓದಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಇಟಲಿ (2006), ಪೋಲೆಂಡ್ (2008) ಕೂಡ ಹಂತಹಂತವಾಗಿ ಬಂದವು. ಎರಡೂ ಕಡೆ ಚುನಾವಣೆಯಲ್ಲಿ ಸರ್ಕಾರ ಬದಲಾದ ಮೇಲೆ ಕೆಲಸ ಮುಗಿಯಿತು. ಆ ದೇಶಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದೇನಿಲ್ಲ.

ಕೆಲಸ ಬದಲಿಸಿ ಉಳಿಯುವುದು

ಅಮೆರಿಕದ ಇನ್ನೊಂದು ಯುದ್ಧ ನಡೆದ ಅಫ್ಘಾನಿಸ್ತಾನದಲ್ಲಿ ಕೆನಡಾ ಈ ದಾರಿ ಹಿಡಿಯಿತು. ತಮ್ಮ ಸೈನ್ಯ ಇದ್ದ ಕಂದಹಾರದಿಂದ 2011ರಲ್ಲಿ ಹೊರಡಬೇಕು ಅಂತ 2008ರಲ್ಲೇ ಅವರ ಸಂಸತ್ತು ಮತ ಹಾಕಿತು. ಕಾದಾಟ ನಿಲ್ಲಿಸಿದರು, ಅಫ್ಘಾನ್ ಸೈನಿಕರಿಗೆ ತರಬೇತಿ ಕೊಡುತ್ತಾ 2014ರ ಮಾರ್ಚ್‌ವರೆಗೆ ಉಳಿದರು. ಮಿತ್ರರ ಜೊತೆ ಸಂಬಂಧವೂ ಕೆಡಲಿಲ್ಲ, ಸಾವೂ ಕಡಿಮೆಯಾಯಿತು. ಅಲ್ಲಿ ಅವರ ಒಟ್ಟು 158 ಸೈನಿಕರು ಸತ್ತರು. ಸಂಸತ್ತಿನಲ್ಲಿ ಬಹಿರಂಗವಾಗಿ ಚರ್ಚೆ ಆಗಿದ್ದು ನನಗೆ ಇಷ್ಟ. ಇಷ್ಟವಾಗದ್ದು ಒಂದಿದೆ. ಯುದ್ಧವೇ ಬೇಡ ಅಂದ ಜನರಿಗೆ ಇದು ಅರ್ಧ ಉತ್ತರ ಮಾತ್ರ.

ಅದೇ ಅಫ್ಘಾನಿಸ್ತಾನದಲ್ಲಿ ಡಚ್ಚರ ಸಂಮಿಶ್ರ ಸರ್ಕಾರ 2010ರ ಫೆಬ್ರವರಿಯಲ್ಲಿ ಈ ವಿಷಯಕ್ಕೇ ಬಿತ್ತು. ಲೇಬರ್ ಪಕ್ಷ ಅವಧಿ ವಿಸ್ತರಣೆಗೆ ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಸೈನ್ಯ ಹೊರಟಿತು. ಉಳಿದ ಬಹಳಷ್ಟು ಮಿತ್ರದೇಶಗಳು "ಒಟ್ಟಿಗೆ ಹೋದೆವು, ಒಟ್ಟಿಗೇ ಬರೋಣ" ಅಂತ ಅಮೆರಿಕಕ್ಕೆ ಕಾದವು. ಕೇಳಲಿಕ್ಕೆ ಇದು ಬಲು ನಿಷ್ಠೆಯ ಮಾತು. ಆದರೆ ಅಮೆರಿಕ 2020ರ ಫೆಬ್ರವರಿ 29ರಂದು ದೋಹಾದಲ್ಲಿ ತಾಲಿಬಾನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದಾಗ ಈ ಮಿತ್ರರು ಆ ಒಪ್ಪಂದದ ಪಕ್ಷಗಳೇ ಆಗಿರಲಿಲ್ಲ. 2021ರ ಆಗಸ್ಟ್ 15ರಂದು ಕಾಬೂಲ್ ಬಿತ್ತು. ಜರ್ಮನಿ ಜೂನ್‌ನಲ್ಲೇ ಸೈನ್ಯ ವಾಪಸ್ ಕರೆಸಿತ್ತು. ತಮಗೆ ದುಡಿದ ಅಫ್ಘಾನರನ್ನು ಕರೆತರಲು ಮತ್ತೆ ವಿಮಾನ ಕಳಿಸಬೇಕಾಯಿತು. ವಿಮಾನ ನಿಲ್ದಾಣದ ಗೇಟಿನ ಹೊರಗೆ, ಚರಂಡಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಜನ ಕಾಗದಪತ್ರ ಎತ್ತಿ ತೋರಿಸುತ್ತಿದ್ದ ಚಿತ್ರ ನೀವೂ ನೋಡಿರುತ್ತೀರಿ. ಇರುವ ದಾರಿಗಳಲ್ಲಿ ನಾನು ಕೊನೆಗೆ ಇಡುವುದು ಇದನ್ನು.

ಹೊರಟರೆ ದೊಡ್ಡವರು ಏನು ಮಾಡುತ್ತಾರೆ?

ಈ ಭಯ ನಮ್ಮ ಸೀಮೆಗೆ ಹೊಸದಲ್ಲ. ಚಿತ್ರದುರ್ಗದ ಮದಕರಿ ನಾಯಕ ಹೈದರಾಲಿಯ ಜೊತೆ ದಂಡೆತ್ತಿ ಹೋದವನು. 1777ರಲ್ಲಿ ಮರಾಠರು, ನಿಜಾಮ ಒಟ್ಟಾಗಿ ಹೈದರನ ಮೇಲೆ ಬಂದಾಗ ನಾಯಕ ಅವನ ಪಕ್ಷ ಬಿಟ್ಟ. ಹೈದರ ಕೋಟೆ ಮುತ್ತಿದ. 1779ರಲ್ಲಿ ದುರ್ಗ ಬಿತ್ತು, ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಚಿತ್ರದುರ್ಗದಿಂದ ಬರುವ ಮಕ್ಕಳು ಇದನ್ನೇ ಹಿಡಿದು ವಾದ ಮಾಡುತ್ತಾರೆ: ದೊಡ್ಡವನ ಕೈ ಬಿಟ್ಟರೆ ಉಳಿಗಾಲವಿಲ್ಲ.

ಆದರೆ ಈ ಕಾಲದ ಒಕ್ಕೂಟಗಳಲ್ಲಿ ಹಾಗಾಗಿಲ್ಲ. ಬುಷ್ ಆಡಳಿತ ಝಪಟೆರೊ ಮೇಲೆ ವರ್ಷಗಟ್ಟಲೆ ಮುನಿಸಿಕೊಂಡಿತ್ತು ನಿಜ. ಸ್ಪೇನ್ ಮಾತ್ರ ನೇಟೋದಲ್ಲೇ ಇತ್ತು, ಅಫ್ಘಾನಿಸ್ತಾನದಲ್ಲೂ ಅದರ ಸೈನಿಕರು ಇದ್ದರು. ಡಚ್ಚರಿಗೆ, ಡೆನ್ಮಾರ್ಕಿನವರಿಗೆ, ಕೆನಡಾದವರಿಗೆ ಏನೂ ಆಗಲಿಲ್ಲ. ನಾಯಕನ ಕೋಟೆ ಹೈದರನ ಕೈಗೆಟುಕುವಷ್ಟು ಹತ್ತಿರ ಇತ್ತು, ಅವನನ್ನು ಕಾಪಾಡುವ ಒಪ್ಪಂದ ಯಾವುದೂ ಇರಲಿಲ್ಲ. ಹೋಲಿಸುವಾಗ ಇದನ್ನು ಮರೆಯಬೇಡಿ.

ಇನ್ನು ಹೋಗದೇ ಇರುವ ದಾರಿ. 2003ರಲ್ಲಿ ಅಮೆರಿಕ ನಮ್ಮನ್ನೂ ಕೇಳಿತ್ತು. ಒಂದು ಇಡೀ ಡಿವಿಷನ್, ಸುಮಾರು 17,000 ಸೈನಿಕರು, ಉತ್ತರ ಇರಾಕಿಗೆ. ಸರ್ಕಾರದೊಳಗೇ ಎರಡು ಅಭಿಪ್ರಾಯ ಇತ್ತು. ವಾಜಪೇಯಿ ಸರ್ಕಾರ ಸಮಯ ತೆಗೆದುಕೊಂಡು, ಜುಲೈ 14ರಂದು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಅಂದಿತು. ಅಮೆರಿಕದ ಜೊತೆ ನಂಟು ಮುರಿಯಲಿಲ್ಲ. ಎರಡೇ ವರ್ಷಕ್ಕೆ, 2005ರ ಜುಲೈನಲ್ಲಿ, ಅಣು ಒಪ್ಪಂದದ ಮಾತು ಶುರುವಾಯಿತು.

ಹೋದರೆ ಹೊರಬರುವುದು ಎಷ್ಟು ಕಷ್ಟ ಅಂತ ನಮಗೆ ಶ್ರೀಲಂಕಾದಲ್ಲಿ ಗೊತ್ತಾಗಿತ್ತು. 1987ರಲ್ಲಿ ಶಾಂತಿಪಾಲನೆಗೆ ಅಂತ ಹೋದ ನಮ್ಮ ಸೈನ್ಯ ಎಲ್‌ಟಿಟಿಇ ಜೊತೆ ಕಾದಾಡಬೇಕಾಯಿತು. ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. ಕರೆದ ದೇಶದ ಅಧ್ಯಕ್ಷರೇ ಹೋಗಿ ಅಂದರು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಹಡಗು ಹತ್ತಿತು. ಮದ್ರಾಸಿನಲ್ಲಿ ಇಳಿದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಯುದ್ಧ ತಪ್ಪೇ ಇರಬಹುದು. ಆದೇಶ ಪಾಲಿಸಿ ಬಂದ ಸಿಪಾಯಿ ಏನು ಮಾಡಿದ್ದ?

ಹಾಗಾದರೆ ಯಾವುದನ್ನು ಆರಿಸಬೇಕು?

ಹೋಗುವ ಮುಂಚೆ ಇದ್ದೀರಿ ಅಂದರೆ 2003ರ ಭಾರತದ ದಾರಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಈಗಾಗಲೇ ಹೋಗಿದ್ದೀರಿ, ಚುನಾವಣೆಯಲ್ಲಿ ಮಾತೂ ಕೊಟ್ಟಿದ್ದೀರಿ ಅಂದರೆ ಸ್ಪೇನಿನ ಹಾಗೆ ಮಾತು ಉಳಿಸಿಕೊಳ್ಳಿ. ಆದರೆ ನಿಮ್ಮ ಕೈಕೆಳಗಿನ ಸಣ್ಣ ಪಡೆಗಳಿಗೆ ಮತ್ತು ನಿಮ್ಮ ಜಾಗಕ್ಕೆ ಬರುವವರಿಗೆ ಕೆಲವು ವಾರ ಕೊಡಿ. ಝಪಟೆರೊ ಕೈಯಲ್ಲಿ ಜೂನ್ 30ರವರೆಗೆ ಸಮಯ ಇತ್ತು. ಅದನ್ನು ಬಳಸಿಕೊಳ್ಳಬಹುದಿತ್ತು ಅಂತ ನನ್ನ ಅನಿಸಿಕೆ.

ಮಾತು ಕೊಟ್ಟಿಲ್ಲ, ಜನರಿಗೆ ಮಾತ್ರ ಯುದ್ಧ ಬೇಡ ಅಂದರೆ ಡೆನ್ಮಾರ್ಕಿನ ದಾರಿ: ಆರು ತಿಂಗಳ ಮುಂಚೆ ತಾರೀಖು ಹೇಳುವುದು, ಆ ತಾರೀಖು ಬದಲಿಸದಿರುವುದು, ಕೊನೆಯ ಸೈನಿಕನಿಗಿಂತ ಮೊದಲು ಅಲ್ಲಿನ ಸಹಾಯಕರನ್ನು ಕುಟುಂಬ ಸಮೇತ ಕರೆತರುವುದು. ಸಂಸತ್ತಿನಲ್ಲಿ ಮತಕ್ಕೆ ಹಾಕಿದರೆ ಇನ್ನೂ ಒಳ್ಳೆಯದು, ಕೆನಡಾದ ಹಾಗೆ. ತರಬೇತಿಯ ಕೆಲಸಕ್ಕೆ ಉಳಿಯುವುದಾದರೆ ಅದಕ್ಕೂ ಒಂದು ಕೊನೆಯ ದಿನ ಇರಲಿ.

ಬ್ರಿಟನ್ನಿನ ಹಾಗೆ ಸಂಖ್ಯೆ ಇಳಿಸಿ ಕೆಲಸ ಅಷ್ಟೇ ಇಟ್ಟುಕೊಳ್ಳುವುದು ಬೇಡ. ಸೈನಿಕರನ್ನು ಇಳಿಸಿದಷ್ಟು ಹೊಣೆಯನ್ನೂ ಇಳಿಸಿ, ಇಲ್ಲವೇ ಪೂರ್ತಿ ಬನ್ನಿ.

ಸ್ಪರ್ಧೆಗೆ ಹೋಗುವವರಿಗೆ ಒಂದು ಮಾತು. ಎದುರು ತಂಡ "ದೇಶದ ಮರ್ಯಾದೆ" ಅಂತ ಶುರು ಮಾಡಿದರೆ ವಾದಕ್ಕೆ ಇಳಿಯಬೇಡಿ. 2007ರ ಬೇಸಿಗೆಯಲ್ಲಿ ಬಸ್ರಾದಲ್ಲಿ ಇದ್ದ ಎರಡು ಸೈನ್ಯಗಳ ಹೆಸರು ಹೇಳಿ. ಒಂದು ಜುಲೈನಲ್ಲಿ ದುಭಾಷಿಗಳನ್ನು ವಿಮಾನ ಹತ್ತಿಸಿತು. ಇನ್ನೊಂದು ಅಕ್ಟೋಬರಿನಲ್ಲಿ ಹನ್ನೆರಡು ತಿಂಗಳ ಷರತ್ತು ಹಾಕಿತು. ಇದರಲ್ಲಿ ಯಾವ ದೇಶದ ಮರ್ಯಾದೆ ಉಳಿಯಿತು ಅಂತ ಅವರನ್ನೇ ಕೇಳಿ, ಅವರ ಉತ್ತರ ಮುಗಿಯುವವರೆಗೆ ಕಾಯಿರಿ.